ಕದ ಹಾಕೇತಿ

ನಮ್ಮ ಅಕ್ಕೋರು ಯಾರನ್ನೂ ನಂಬುತ್ತಿರಲಿಲ್ಲ. ಇದನ್ನು ನಾನು ಚಾಡಿಯಾಗಿ ಹೇಳುತ್ತಿಲ್ಲ. ಅವರ ಎದುರಿಗೇ ಹೇಳಿದ್ದರೂ ಹೌದೆಂದು ತಲೆಯಾಡಿಸುತ್ತಿದ್ದರು. ಆಮೇಲೆ, ಇವನು ಈ ಮಾತನ್ನು ಇವತ್ತೇ ಯಾಕೆ ಆಡಿದ ಎಂದು ಯೋಚನೆಗೆ ಬೀಳುತ್ತಿದ್ದರು. ಇಂಡಿಯಲ್ಲಿ ನಮ್ಮ ಓಣಿಯ ಕೊನೆಯ ಮನೆ ಅವರದು. ಅಂಗಳದಲ್ಲೊಂದು ನಿಂಬೆಗಿಡ. ತಮ್ಮದೇ ಗಿಡದ ಹಣ್ಣನ್ನು ತಾವೇ ಕಿತ್ತು, ಒತ್ತಿ ನೋಡಿ, ಮೂಸಿ ನೋಡಿ, ಆಮೇಲೆ ಒಳಗೆ ಒಯ್ಯುತ್ತಿದ್ದರು. ಹಾಲಿನವನು ಎಮ್ಮೆಯನ್ನೇ ಬಾಗಿಲಿಗೆ ತಂದು ಕರೆದುಕೊಡುತ್ತಿದ್ದ. ಆದರೂ ಕರೆಯುವ ಮೊದಲು ಅವನು ತಂಬಿಗೆಯನ್ನು ಬೋರಲು ಹಾಕಿ ಅಲ್ಲಾಡಿಸಿ ತೋರಿಸಬೇಕಿತ್ತು.

ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು; ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಎನ್ನುವುದು. ಯಂಕಂಚಿಯಲ್ಲಿ ಕೆಲವು ವರ್ಷ, ತಂಗಡಗಿಯಲ್ಲಿ ಕೆಲವು ವರ್ಷ, ಕೊನೆಗೆ ನಮ್ಮೂರಲ್ಲಿ. ಮದುವೆಯಾಗಿರಲಿಲ್ಲ. ಯಾಕ್ರೀ ಅಕ್ಕೋರ ಎಂದು ಕೇಳಿದ ಧೈರ್ಯವಂತರಿಗೆ, ಇನ್ನೂ ವಿಚಾರಣಿ ಮುಗಿದಿಲ್ಲ ಎಂದು ಹೇಳಿ ಕಳಿಸುತ್ತಿದ್ದರಂತೆ. ಚಹಾ ಚಲೋ ಆಗೈತ್ರಿ ಎಂದರೆ, ನಿನಗೇನು ಬೇಕಾಗಿತ್ತು ಎಂದು ಕೇಳುವವರು. ಹೊಗಳಿ ಅವರ ಮನೆಯಿಂದ ಯಾರೂ ಏನನ್ನೂ ತಂದ ದಾಖಲೆಯಿಲ್ಲ.

ಪರೀಕ್ಷೆ ಬಂತೆಂದರೆ ಅವರಿಗೆ ಕಳೆ ಬರುತ್ತಿತ್ತು. ಅವರು ಮೇಲ್ವಿಚಾರಣೆಗೆ ನಿಂತ ಕೋಣೆಯಲ್ಲಿ ಕೂತವರಿಗೆ ಕಾಪಿಯ ಮಾತು ಹಾಗಿರಲಿ, ಬೆವರು ಒರೆಸಿಕೊಳ್ಳುವುದಕ್ಕೂ ಭಯ. ತೊಂಬತ್ತರ ದಶಕದಲ್ಲಿ ನಾನು ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆ ಬರೆಯುವಾಗ ನನ್ನ ಅಂಗೈಯ ನೀಲಿ ಅವರ ಕಣ್ಣಿಗೆ ಬಿತ್ತು. "ಕೈ ತೋರಸು" ಎಂದರು. ಪೆನ್ನು ಸೋರಿತ್ತು, ಅಷ್ಟೇ. ಹೇಳಿದೆ. ನಂಬಲಿಲ್ಲ. ತಮ್ಮ ಕರವಸ್ತ್ರ ತೋಯಿಸಿ ತಂದು, ಅಂಗೈ ಕೆಂಪಾಗುವವರೆಗೆ ತಿಕ್ಕಿ, ಮಸಿಯ ಕೆಳಗೆ ಸೂತ್ರ ಗೀತ್ರ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡರು. ನಾನು ಅವಮಾನದಿಂದ ಅಳುವಂತಾಗಿದ್ದೆ. ತಪ್ಪಾಯಿತೆಂದು ಅವರೇನೂ ಹೇಳಲಿಲ್ಲ. ತಮ್ಮ ಪೆನ್ನು ತೆಗೆದು ನನ್ನ ಬೆಂಚಿನ ಮೇಲಿಟ್ಟು ಮುಂದಿನ ಸಾಲಿಗೆ ಹೋದರು. ಆ ಪೆನ್ನಿನಿಂದಲೇ ನಾನು ಪಾಸಾದೆ, ಆದರೆ ಸಿಟ್ಟು ಮಾತ್ರ ಬಹಳ ವರ್ಷ ಹೋಗಲಿಲ್ಲ.

ಅವರ ಸಂಶಯಕ್ಕೆ ಒಂದು ನ್ಯಾಯವಿತ್ತು. ಅದರಲ್ಲಿ ಮೇಲುಕೀಳು ಇರಲಿಲ್ಲ. ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಖಾಲಾ ಇದ್ದರು. ಓಣಿಗೆಲ್ಲ ಅವರು ಖಾಲಾ, ಉರ್ದುವಿನಲ್ಲಿ ಚಿಕ್ಕಮ್ಮ. ಹೊಸದಾಗಿ ಬಂದ ಬಾಡಿಗೆಯವರೊಬ್ಬರು, ಆ ಮನೆಯವರ ಕೂಡ ನೋಡಿಕೊಂಡು ಇರಿ ಎಂದು ಅಕ್ಕೋರ ಕಿವಿಯಲ್ಲಿ ಊದಲು ಹೋದರು. ಅಕ್ಕೋರು ಅವರನ್ನು ಮೇಲಿಂದ ಕೆಳಗೆ ನೋಡಿ ಹೇಳಿದರು: "ನಾ ಎಲ್ಲಾರ ಮ್ಯಾಲೂ ಸಂಶಯ ಪಡ್ತೇನಿ, ನಿಮ್ಮನ್ನೂ ಹಿಡದು. ಒಬ್ಬರ ಮ್ಯಾಲ ಅಷ್ಟ ಪಟ್ರ ಅದು ಸಂಶಯ ಅಲ್ರಿ, ದ್ವೇಷ." ಬಾಡಿಗೆಯವರು ಮತ್ತೆ ಆ ಕಡೆ ಸುಳಿಯಲಿಲ್ಲ. ಖಾಲಾ ಹೆಪ್ಪು ಕೇಳಲು ಬಂದರೆ ಅಕ್ಕೋರು ಇಲ್ಲವೆನ್ನುತ್ತಿರಲಿಲ್ಲ, ಆದರೆ ಕೊಡುವ ಮೊದಲು ಖಾಲಾ ತಂದ ಬಟ್ಟಲನ್ನು ಮೂಸಿ ನೋಡುವುದು ಬಿಡುತ್ತಿರಲಿಲ್ಲ. ಖಾಲಾ ಅದಕ್ಕೆ ಬೇಸರಿಸುತ್ತಲೂ ಇರಲಿಲ್ಲ.

ನಾನು ಮುಂದೆ ಕಂಪ್ಯೂಟರ್ ಓದಿಕೊಂಡು ಊರಿನದೇ ಒಂದು ಖಾಸಗಿ ಸಂಸ್ಥೆಯ ಕಾಲೇಜಿನಲ್ಲಿ ಉಪನ್ಯಾಸಕನಾದೆ. ನೌಕರಿ ಕಾಯಂ ಆಗಿರಲಿಲ್ಲ. ಇವತ್ತು ನಾಳೆ ಎಂದು ಕಾರ್ಯದರ್ಶಿಗಳು ಆಸೆ ತೋರಿಸುತ್ತ ಬಂದಿದ್ದರು, ನಾನು ತಲೆ ತಗ್ಗಿಸಿ ದುಡಿಯುತ್ತ ಬಂದಿದ್ದೆ. ಆ ವರ್ಷ ಪರೀಕ್ಷೆಯಲ್ಲಿ ಕಂಡದ್ದು ಮಾತ್ರ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗಲಿಲ್ಲ. ನಮ್ಮ ಕೇಂದ್ರದಲ್ಲಿ ಬಾಗಿಲು ಮುಂದೆ ಮಾಡಿ, ಕರಿಹಲಗೆಯ ಮೇಲೆ ಉತ್ತರ ಬರೆಸಿದ್ದರು. ಬರೆದವರು ನಮ್ಮವರೇ ಉಪನ್ಯಾಸಕರು. ಸಂಜೆ ಅಕ್ಕೋರ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿಕೊಂಡೆ. ಯಾವ ಕೋಣೆ, ಯಾವ ವಿಷಯ, ಯಾರು ಬರೆಸಿದರು, ಯಾರು ಹೊರಗೆ ಕಾವಲು ನಿಂತರು. ಅವರು ನಿಂಬೆಹಣ್ಣು ಒರೆಸುತ್ತ ಕೇಳಿದರು. ಸುಳ್ಳು ಹೇಳುತ್ತಿದ್ದೇನೋ ಎಂದು ಎರಡು ಮೂರು ಅಡ್ಡಪ್ರಶ್ನೆ ಹಾಕಿದರು. ಕೊನೆಗೆ, "ನಿಂದು ಕಾಯಂ ಆಗೂದು ಯಾವಾಗ?" ಎಂದರು. ಮುಂದಿನ ವರ್ಷ ಆಗಬಹುದು ಅಂದೆ. ಹೂಂ ಅಂದು ಒಳಗೆ ಹೋದರು.

ಅದೇ ಮಳೆಗಾಲ ಅಕ್ಕೋರು ಇಂಟರ್ನೆಟ್ ತೆಗೆದುಕೊಂಡರು. ಓಣಿಗೆಲ್ಲ ಅಚ್ಚರಿ. ನಿವೃತ್ತರಾಗಿದ್ದರು, ಮನೆಯಲ್ಲಿ ಟ್ಯೂಷನ್ ಹೇಳುತ್ತಿದ್ದರು, ಲ್ಯಾಪ್‌ಟಾಪೊಂದನ್ನು ತರಿಸಿಕೊಂಡಿದ್ದರು. ಫೋನಿನವರು ಬಂದು ಒಂದು ಕೊಂಬಿನ ರೌಟರ್ ಕೂಡಿಸಿ, ಎಲ್ಲ ಚಾಲೂ ಆಗಿದೆ ಎಂದು ಹೇಳಿ ಹೋದರು. ಅಕ್ಕೋರು ಲ್ಯಾಪ್‌ಟಾಪ್ ತೆರೆದರೆ ಅದು ಯಾವ ಗುರುತನ್ನೂ ಕೇಳದೆ ಸೀದಾ ನೆಟ್ಟಿಗೆ ಕೂಡಿಕೊಂಡಿತು. ಅಲ್ಲಿಗೆ ಅವರ ಊಟ ನಿದ್ದೆ ಹಾರಿದವು. ನನಗೆ ಹೇಳಿಕಳಿಸಿದರು.

"ಕದಾನ ಇಲ್ಲದ ಮನಿ ಕಟ್ಟಿ ಹೋಗ್ಯಾರಲ್ಲೋ ತಮ್ಮಾ. ಇದು ಗ್ವಾಡಿ ಹಾದು ಹೊರಗ ಹೊಕ್ಕೈತೇನು?"

ಹೋಗುತ್ತದೆ, ಖಾಲಾನ ಮನೆಯಲ್ಲೂ ಸಿಗುತ್ತದೆ, ರಸ್ತೆಯಲ್ಲಿ ನಿಂತವರಿಗೂ ಸಿಗುತ್ತದೆ ಎಂದೆ. ಅವರ ಮುಖದಲ್ಲಿ ಪರೀಕ್ಷಾ ಕೋಣೆಯ ಕಳೆ ಬಂತು. ಅವತ್ತು ನನಗೆ ರಜೆ. ಈಗಲೇ ಬೀಗ ಹಾಕಿಕೊಡುತ್ತೇನೆ, ಸ್ವಲ್ಪ ಹೊತ್ತಿನ ಕೆಲಸ ಎಂದೆ. ಬೇಡ, ನಾಳೆ ಹತ್ತಕ್ಕೆ ಬಾ ಎಂದು ರೌಟರಿನ ವೈರು ಕಿತ್ತಿಟ್ಟರು. ಇಷ್ಟು ಹೆದರಿದವರು ನಾಳೆ ಯಾಕೆ ಅಂದರು ಎಂಬುದು ನನಗೆ ತಿಳಿಯಲಿಲ್ಲ.

ಮರುದಿನ ಹೋದಾಗ ಖಾಲಾ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡು ಆಗಲೇ ಪಡಸಾಲೆಯಲ್ಲಿ ನಿಂತಿದ್ದರು. ನಾನು ಲ್ಯಾಪ್‌ಟಾಪಿನಲ್ಲಿ ರೌಟರಿನ ಪುಟ ತೆರೆದೆ. ಒಳಹೋಗಲು ಹೆಸರು, ಗುಟ್ಟು ಎರಡೂ ಕಂಪನಿಯವರೇ ಇಟ್ಟದ್ದು ಇರುತ್ತವೆ, ಎಲ್ಲ ಡಬ್ಬಿಗೂ ಅವೇ ಎಂದು ವಿವರಿಸಿದೆ. ಊರಾಗಿನ ಎಲ್ಲಾ ಕೀಲಿಗೂ ಒಂದ ಕೀಲಿಕೈ ಅಂದಂಗಾತು ಎಂದು ಅಕ್ಕೋರು ಖಾಲಾನ ಮುಖ ನೋಡಿದರು. ಅದನ್ನೂ ಕೊನೆಗೆ ಬದಲಿಸುವುದೆಂದಾಯಿತು. ಆಮೇಲೆ ವೈರ್‌ಲೆಸ್‌ಗೆ ಯಾವ ತರದ ಬೀಗ ಹಾಕಬೇಕೆಂಬ ಪುಟ ಬಂತು. ಹಳೆಯ ತರದ್ದು ಬೇಡ, ಬಲ್ಲವರು ಅದನ್ನು ಬೇಗ ಮುರಿಯುತ್ತಾರೆ, ಹೊಸ ತರದ್ದನ್ನೇ ಹಾಕೋಣ ಎಂದೆ. ಬೇಗ ಮುರಿಯುತ್ತಾರೆ ಎಂಬುದು ನಿನಗೆ ಹೇಗೆ ಗೊತ್ತು, ನೀನು ಯಾರದ್ದು ಮುರಿದಿದ್ದಿ ಎಂದು ಕೇಳಿದರು. ನಾಲ್ಕು ಅಕ್ಷರ ಕಲಿತದ್ದೇ ತಪ್ಪಾಯಿತೇನೋ ಅನಿಸಿತು.

ನೆಟ್ಟಿಗೆ ಒಂದು ಹೆಸರಿಡಬೇಕು, ಸುತ್ತಲಿನವರ ಪರದೆಯಲ್ಲಿ ಆ ಹೆಸರು ಕಾಣುತ್ತದೆ ಎಂದೆ. ಹೆಚ್ಚಿನವರು ತಮ್ಮ ಹೆಸರೋ ಮನೆದೇವರ ಹೆಸರೋ ಇಡುತ್ತಾರೆ. ಅಕ್ಕೋರು ಕ್ಷಣ ಯೋಚಿಸಿ, ಕದ ಹಾಕೇತಿ ಎಂದು ಬರಿ ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಹಾಗೆಯೇ ಬರೆದೆ. ಅವತ್ತಿನಿಂದ ನಮ್ಮ ಓಣಿಯಲ್ಲಿ ಯಾರು ಲ್ಯಾಪ್‌ಟಾಪ್ ತೆರೆದರೂ ಮೊದಲು ಕಾಣುತ್ತಿದ್ದದ್ದು ಅದೇ.

ಇನ್ನು ಪಾಸ್‌ವರ್ಡ್, ಡಬ್ಬಿಯದೊಂದು, ನೆಟ್ಟಿನದೊಂದು.

"ಏಳು. ಗ್ವಾಡಿ ಕಡೆ ಮಾರಿ ಮಾಡು" ಎಂದರು ಅಕ್ಕೋರು.

ನಾನು ತಮಾಷೆ ಎಂದುಕೊಂಡೆ. ತಮಾಷೆಯಲ್ಲ. ನಾನೊಬ್ಬ ಉಪನ್ಯಾಸಕ, ಮದುವೆಯಾದವನು, ನನ್ನ ವಿದ್ಯಾರ್ಥಿಗಳು ಅದೇ ಓಣಿಯಲ್ಲಿ ತಿರುಗಾಡುವವರು. ಸುಣ್ಣದ ಗೋಡೆಗೆ ಮೂಗು ತಾಗಿಸಿ ನಿಂತೆ. ಹಿಂದೆ ಅವರು ಒಂದೇ ಬೆರಳಿನಿಂದ ಒಂದೊಂದೇ ಅಕ್ಷರ ಕುಟ್ಟುವ ಸಪ್ಪಳ. ಕುಟ್ಟುವುದು, ನಿಲ್ಲಿಸುವುದು, ಮತ್ತೆ ಮೊದಲಿಂದ. ನಡುನಡುವೆ ಖಾಲಾನನ್ನು ಕೇಳುತ್ತಿದ್ದರು, ಇಂವ ಹೊರಳಿದನೇನು ನೋಡು. ಇಲ್ಲ ಅಕ್ಕೋರ, ನಿಂತಾನ ಪಾಪ ಎಂದು ಖಾಲಾ. ರಿಪೇರಿ ಬಂದರೆ ಅನುಕೂಲ, ನನ್ನ ಲ್ಯಾಪ್‌ಟಾಪನ್ನೂ ಒಳಗೆ ಬಿಡುವ ಯಂತ್ರಗಳ ಪಟ್ಟಿಗೆ ಸೇರಿಸಲೇ ಎಂದು ಗೋಡೆಗೇ ಕೇಳಿದೆ. ಹಾಲ್ ಟಿಕೆಟ್ ಇದ್ದವರಿಗಷ್ಟೇ ಒಳಗೆ ಎಂದರು. ಪಟ್ಟಿಯಲ್ಲಿ ಉಳಿದದ್ದು ಅವರದೊಂದೇ.

ಅಷ್ಟಕ್ಕೂ ಮುಗಿಯಲಿಲ್ಲ. ರೌಟರಿನ ಬೆನ್ನಲ್ಲಿ ಒಂದು ಸಣ್ಣ ತೂತಿತ್ತು. ಇದೇನೆಂದರು. ಪಿನ್ನು ಚುಚ್ಚಿ ಒತ್ತಿ ಹಿಡಿದರೆ ಎಲ್ಲ ಅಳಿಸಿ ಮೊದಲಿನಂತಾಗುತ್ತದೆ ಎಂದೆ. ಅಕ್ಕೋರು ಎದ್ದು ಹೋಗಿ ಅರಗು, ಮೇಣದ ಬತ್ತಿ ತಂದರು. ಪ್ರಶ್ನೆಪತ್ರಿಕೆಯ ಕಟ್ಟಿಗೆ ಹಾಕುತ್ತಾರಲ್ಲ, ಹಾಗೆ ತೂತಿನ ಮೇಲೆ ದಪ್ಪ ಕಾಗದ ಅಂಟಿಸಿ, ಅದರ ಅಂಚಿಗೆ ಅರಗು ಹನಿಸಿ, ತಮ್ಮ ಉಂಗುರ ಒತ್ತಿ, ಅಡ್ಡಲಾಗಿ ಸಹಿ ಮಾಡಿದರು. ಸಾಕ್ಷಿಗೆ ಖಾಲಾನ ಸಹಿಯನ್ನೂ ಹಾಕಿಸಿದರು. ಇಂಡಿ ತಾಲೂಕಿನಲ್ಲಿ ಅರಗು ಹಾಕಿದ ರೌಟರು ಅದೊಂದೇ ಇದ್ದೀತು. ನಾನು ಚಹಾ ಕುಡಿಯದೆ ಹೊರಟೆ. ಅವರು ಕುಡಿದು ಹೋಗೆಂದು ಹೇಳಲೂ ಇಲ್ಲ.

ದೀಪ ಹಚ್ಚಿದ ಮೇಲೆ ಮನೆಯಿಂದ ಉಪ್ಪು, ಹೆಪ್ಪು, ಸೂಜಿ ಹೊರಗೆ ಕೊಡಬಾರದೆಂಬುದು ನಮ್ಮ ಕಡೆಯ ಪದ್ಧತಿ. ಅಕ್ಕೋರು ಆ ಪದ್ಧತಿಗೆ ವೈರ್‌ಲೆಸ್ಸನ್ನೂ ಸೇರಿಸಿದರು. ಬೀಗ ಹಾಕಿದ ಮೇಲೆ ಹೊರಗೆ ಹೋಗುವುದೇನೂ ಇಲ್ಲವೆಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಹಗಲು ಪಡಸಾಲೆಯಲ್ಲಿ ಹುಡುಗರಿಗೆ ಪಾಠ ಹೇಳುವಾಗ ವೈರ್‌ಲೆಸ್ಸು. ದೇವರಿಗೆ ದೀಪ ಹಚ್ಚುವ ಹೊತ್ತಿಗೆ ರೌಟರಿನ ಗುಂಡಿ ಒತ್ತಿ ಅದನ್ನು ಆರಿಸಿ, ಕೆಲಸವಿದ್ದರೆ ಒಳಕೋಣೆಯಲ್ಲಿ ಹಳದಿ ವೈರು ಚುಚ್ಚಿಕೊಂಡು ಕೂರುತ್ತಿದ್ದರು. ಓಣಿಯವರ ಪರದೆಯಿಂದ ಕದ ಹಾಕೇತಿ ಮಾಯವಾಯಿತೆಂದರೆ ಹೊತ್ತು ಮುಳುಗಿತು ಎಂದರ್ಥ. ಖಾಲಾನ ಮಗಳು ಅದನ್ನು ನೋಡಿ ನಮಾಜಿನ ಹೊತ್ತು ಹೇಳುತ್ತೇನೆಂದು ತಮಾಷೆ ಮಾಡುತ್ತಿದ್ದಳು.

ಮುಂದಿನ ಪರೀಕ್ಷೆ ಸಮೀಪಿಸಿದಾಗ ಒಂದು ಈಮೇಲ್ ಹೋಯಿತು. ಇಲಾಖೆಯ ಮೇಲಿನವರಿಗೂ ಪತ್ರಿಕೆಗಳಿಗೂ. ಹೆಸರಿರಲಿಲ್ಲ. ನಮ್ಮ ಸಂಸ್ಥೆಯ ಕೇಂದ್ರದಲ್ಲಿ ಹೋದ ವರ್ಷ ಯಾವ ಕೋಣೆಯಲ್ಲಿ ಏನು ನಡೆಯಿತು ಎಂಬುದು ಕಣ್ಣಾರೆ ಕಂಡಂತೆ ಇತ್ತು. ಮೊದಲ ಪರೀಕ್ಷೆಯ ದಿನವೇ ತಪಾಸಣೆಯ ತಂಡ ಬಂದು ಕೇಂದ್ರದಲ್ಲಿ ಬೀಡುಬಿಟ್ಟಿತು. ಕಾರ್ಯದರ್ಶಿಗಳ ಮುಖ ನೋಡುವಂತಿರಲಿಲ್ಲ. ಸಂಸ್ಥೆಯ ಮಾನ ಹೋಯಿತೆಂದು ದೂರು ಕೊಟ್ಟರು. ಮೇಲ್ ಹೋದದ್ದು ಅಕ್ಕೋರ ಫೋನ್ ಸಂಪರ್ಕದಿಂದ, ಸಂಜೆ ಏಳೂವರೆಗೆ ಎಂದು ವಿಚಾರಣೆಯಲ್ಲಿ ಗೊತ್ತಾಯಿತು. ಅಕ್ಕೋರ ಮನೆಯ ರೌಟರ್ ಕೂಡಿಸಿದವನು ನಾನು ಎಂಬುದು ಊರಿಗೇ ಗೊತ್ತಿತ್ತು. ಒಂದು ಬೆಳಿಗ್ಗೆ ಕಾರ್ಯದರ್ಶಿಗಳು ನನ್ನನ್ನು ಪಾಠದ ನಡುವಿನಿಂದ ಕರೆಸಿ, ನಡೀರಿ, ನಿಮ್ಮ ಅಕ್ಕೋರ ಮನೀಗಿ ಹೋಗಿ ಬರೂಣು ಎಂದರು. ಜೀಪಿನಲ್ಲಿ ಸ್ಟೇಷನ್ನಿನ ಹವಾಲ್ದಾರರು ಕೂತಿದ್ದರು.

ನಾನು ಮೇಲ್ ಬರೆದಿರಲಿಲ್ಲ. ಆದರೆ ಅದರಲ್ಲಿದ್ದ ಒಂದೊಂದು ವಿವರವೂ ನನ್ನ ಬಾಯಿಂದ ಬಂದದ್ದು. ದಾರಿಯುದ್ದಕ್ಕೂ ನನ್ನ ಕಣ್ಣ ಮುಂದೆ ಬಂದದ್ದು ಹೆಂಡತಿಯ ಮುಖ, ಕಾಯಂ ಆಗದ ನೌಕರಿ. ಅಕ್ಕೋರ ಬಾಯಿಂದ, ಇವನೇ ಬಂದು ಹೇಳಿದ ಎಂಬ ಒಂದು ಮಾತು ಬಿದ್ದರೆ ನನ್ನ ಕಥೆ ಮುಗಿದಂತೆ. ಅವರು ಸುಳ್ಳು ಹೇಳುವವರಲ್ಲ, ನನ್ನ ಮೇಲೆ ವಿಶ್ವಾಸವಿದ್ದವರೂ ಅಲ್ಲ.

ಅಕ್ಕೋರು ಕಟ್ಟೆಯ ಮೇಲೆ ಕೂತು ಕಾಳು ಹಸನು ಮಾಡುತ್ತಿದ್ದರು. ಬಂದವರನ್ನು ಒಳಗೆ ಕರೆದು ಕೂಡಿಸಿದರು. ಖಾಲಾನನ್ನೂ ಕೂಗಿದರು.

"ಈ ಡಬ್ಬಿ ಕೂಡಿಸಿ ಕೊಟ್ಟವ್ರು ಇವ್ರ ಹೌದಲ್ರಿ?" ಎಂದು ಕಾರ್ಯದರ್ಶಿಗಳು ನನ್ನ ಕಡೆ ಬೆರಳು ಮಾಡಿದರು.

"ಹೌದ್ರಿ, ಇಂವನ."

"ಹಂಗಾದ್ರ ಪಾಸ್‌ವರ್ಡ್ ಇವ್ರಿಗೆ ಗೊತ್ತಿರಬೇಕು."

ಅಕ್ಕೋರು ನನ್ನನ್ನು ನೋಡಿದರು. ಪರೀಕ್ಷಾ ಕೋಣೆಯಲ್ಲಿ ನೋಡಿದಂತೆಯೇ ನೋಡಿದರು.

"ಇಂವಗ? ಇಂವನ್ನ ನಾ ನಂಬಂಗಿಲ್ರಿ. ಸಾಲ್ಯಾಗ ಇದ್ದಾಗಿಂದ ನಂಬಿಲ್ಲ. ಗ್ವಾಡಿ ಕಡೆ ಮಾರಿ ಮಾಡಿಸಿ ನಿಲ್ಲಿಸಿ, ನಾನ ಹಾಕೇನಿ. ಈಕಿನ್ನ ಕೇಳ್ರಿ."

ಖಾಲಾ ಮುಂದೆ ಬಂದು, ಹೇಗೆ ನಿಂತಿದ್ದೆನೆಂದು ತಾವೇ ಗೋಡೆಗೆ ಮೂಗು ಹಚ್ಚಿ ನಿಂತು ತೋರಿಸಿದರು. ಹವಾಲ್ದಾರರಿಗೆ ನಗು ತಡೆಯಲಾಗಲಿಲ್ಲ. ಪಾಸ್‌ವರ್ಡ್ ಅಳಿಸಿ ಬೇರೆ ಹಾಕಿರಬಹುದಲ್ಲ ಎಂದು ಕಾರ್ಯದರ್ಶಿಗಳು ಎಳೆದರು. ಅಕ್ಕೋರು ರೌಟರ್ ತಂದು ಬೆನ್ನು ಮಾಡಿ ತೋರಿಸಿದರು. ಅರಗು ಇಟ್ಟಂತೆಯೇ ಇತ್ತು, ಎರಡೂ ಸಹಿ ಇದ್ದವು. ಹೊರಗೆ ರಸ್ತೆಯಲ್ಲಿ ನಿಂತು ಯಾರಾದರೂ ಬಳಸಿರಬಹುದಲ್ಲ ಎಂದರು. ಅದಕ್ಕೆ ಉತ್ತರ ಕೊಟ್ಟವರು ಖಾಲಾ.

"ಏಳೂವರೀಗಿ ಅಂತೀರಲ್ರಿ ಸಾಹೇಬ್ರ. ದೀಪ ಹಚ್ಚಿದ ಮ್ಯಾಲ ಈ ಮನ್ಯಾಗಿಂದ ಹೆಪ್ಪ ಸೈತ ಹೊರಗ ಬರಂಗಿಲ್ಲ."

ಕದ ಹಾಕೇತಿ ಎಂಬುದು ಕತ್ತಲಾದ ಮೇಲೆ ಯಾರಿಗೂ ಕಾಣುವುದಿಲ್ಲ ಎಂಬುದಕ್ಕೆ ಓಣಿಯೇ ಸಾಕ್ಷಿ. ಆ ಹೊತ್ತಿನಲ್ಲಿ ಮೇಲ್ ಹೋಗಿದ್ದರೆ ಅದು ಒಳಕೋಣೆಯ ಹಳದಿ ವೈರಿನಿಂದಲೇ ಹೋಗಿರಬೇಕು. ಹವಾಲ್ದಾರರು ನಗು ನಿಲ್ಲಿಸಿದರು. ಕಾರ್ಯದರ್ಶಿಗಳು, ಹಂಗಾದ್ರ ಬರದವ್ರು ಯಾರ್ರಿ ಎಂದು ದನಿ ಏರಿಸಿದರು.

"ಪಾಸ್‌ವರ್ಡ್ ಗೊತ್ತಿದ್ದಾಕಿ ನಾ ಒಬ್ಬಾಕಿ. ಮನ್ಯಾಗ ಇರಾಕಿ ನಾ ಒಬ್ಬಾಕಿ. ನೀವೂ ನನ್ನ ಕಡೇನ ಗಣಿತ ಕಲತೀರಿ. ಲೆಕ್ಕಾ ಬಿಡಸ್ರಿ."

ಕಾರ್ಯದರ್ಶಿಗಳು ನಿಜಕ್ಕೂ ಅವರ ವಿದ್ಯಾರ್ಥಿಯಾಗಿದ್ದವರು ಎಂಬುದು ನನಗೆ ಗೊತ್ತಾದದ್ದೇ ಆಗ. ಹೆಸರು ಯಾಕೆ ಹಾಕಲಿಲ್ಲ, ಇದೆಲ್ಲ ನಿಮಗೆ ಯಾರು ಹೇಳಿದರು ಎಂದು ಅವರು ಮೆಲ್ಲಗೆ ಕೇಳಿದರು. ಹೆಸರು ಹಾಕುವಷ್ಟು ನಂಬಿಕೆ ನಿಮ್ಮ ಮೇಲೆ ಇರಲಿಲ್ಲ ಎಂದರು ಅಕ್ಕೋರು. ಎರಡನೆಯ ಪ್ರಶ್ನೆಗೆ, ಪರೀಕ್ಷೆ ಬರೆದ ಹುಡುಗರು ಟ್ಯೂಷನ್ನಿಗೆ ಬರುವುದು ಇದೇ ಪಡಸಾಲೆಗೆ ಎಂದಷ್ಟೇ ಹೇಳಿ ಮೊರ ಎತ್ತಿಕೊಂಡರು. ಅದು ಸುಳ್ಳಲ್ಲ. ಆದರೆ ಉತ್ತರವೂ ಅಲ್ಲ.

ಹವಾಲ್ದಾರರು, ಬರೆದದ್ದು ಖರೆ ಇದ್ದರೆ ದೂರು ಮುಂದೆ ಒಯ್ಯುವುದರಲ್ಲಿ ಸಂಸ್ಥೆಗೇ ನಷ್ಟ ಎಂದು ಬುದ್ಧಿ ಹೇಳಿದರಂತೆ. ಪ್ರಕರಣ ಅಲ್ಲಿಗೇ ತಣ್ಣಗಾಯಿತು. ಅಕ್ಕೋರು ಮಾತ್ರ ಸುಮ್ಮನೆ ಪಾರಾಗಲಿಲ್ಲ. ಟ್ಯೂಷನ್ನಿನ ಹುಡುಗರು ಒಬ್ಬೊಬ್ಬರಾಗಿ ಬಿಟ್ಟರು. ಸಂಸ್ಥೆಯ ಸಿಟ್ಟು ತಮ್ಮ ಮಕ್ಕಳ ಮೇಲೆ ಬಿದ್ದೀತೆಂಬ ಭಯ ತಂದೆತಾಯಿಗಳಿಗೆ. ಪಡಸಾಲೆ ಬರಿದಾಯಿತು. ಕಲಿಸದೆ ಇರುವುದು ಅವರಿಗೆ ಎಂತಹ ಶಿಕ್ಷೆ ಎಂಬುದು ಅವರು ಕರಿಹಲಗೆಯನ್ನು ದಿನಾ ಬೆಳಿಗ್ಗೆ ಸುಮ್ಮನೆ ಒರೆಸುವುದನ್ನು ನೋಡಿದವರಿಗೆ ಗೊತ್ತು. ನನ್ನ ನೌಕರಿ ಮರುವರ್ಷ ಕಾಯಂ ಆಯಿತು. ಪೇಡೆ ಕೊಡಲು ಹೋದೆ. ಪೇಡೆ ಮುರಿದು ಮೂಸಿ ನೋಡಿ, ಯಾವ ಅಂಗಡಿಯದು ಎಂದು ಕೇಳಿದರು.

ಎಷ್ಟೋ ದಿನಗಳ ಮೇಲೆ ಖಾಲಾ, ಬ್ಲೌಸಿನ ಕಾಜಾ ಹಾಕುತ್ತ ಕೂತವರು, ಮಾತಿಗೆ ಮಾತು ಬಂದು ನನಗೊಂದು ಸಂಗತಿ ಹೇಳಿದರು. ರೌಟರಿಗೆ ಬೀಗ ಹಾಕಿದ ಹಿಂದಿನ ದಿನ ಅಕ್ಕೋರು ತಾವೇ ಖಾಲಾನ ಮನೆಗೆ ಹೋಗಿದ್ದರಂತೆ. "ನಾಳೆ ಹತ್ತಕ್ಕ ಬಾ. ಅಂವ ಗ್ವಾಡಿ ಕಡೆ ಮಾರಿ ಮಾಡಿ ನಿಂತದ್ದನ್ನ ನೀ ಕಣ್ಣಾರೆ ನೋಡಬೇಕು. ಮುಂದ ಯಾರರ ಕೇಳಿದ್ರ, ಹೇಳಬೇಕು" ಎಂದಿದ್ದರಂತೆ. ಕೇಳುವವರು ಯಾರು ಅಕ್ಕೋರ ಎಂದದ್ದಕ್ಕೆ, ಕೇಳ್ತಾರ ಬಿಡು ಎಂದಿದ್ದರಂತೆ.

ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಸೀದಾ ಅಕ್ಕೋರ ಮನೆಗೆ ಹೋದೆ. ನಿಂಬೆಗಿಡದ ಕೆಳಗೆ ನಿಂತಿದ್ದರು. ಇಂಟರ್ನೆಟ್ ತೆಗೆದುಕೊಂಡದ್ದೇ ಆ ಮೇಲ್ ಬರೆಯುವುದಕ್ಕೇನು, ಕಂಪ್ಯೂಟರ್ ಬಲ್ಲ ನನ್ನ ಮೇಲೇ ಬರುತ್ತದೆಂದು ಮೊದಲೇ ತಿಳಿದಿತ್ತೇನು, ಗೋಡೆ, ಅರಗು, ಖಾಲಾ ಎಲ್ಲ ನನ್ನ ಸಲುವಾಗಿಯೇನು ಎಂದು ಒಂದೇ ಉಸಿರಿಗೆ ಕೇಳಿದೆ. ಅವರು ಒಂದು ಹಣ್ಣು ಕಿತ್ತು, ಒತ್ತಿ, ಮೂಸಿ, ನನ್ನ ಕೈಗಿಟ್ಟರು.

"ಅಷ್ಟ ಸಂಶಯ ಚಲೋ ಅಲ್ಲೋ ತಮ್ಮಾ" ಎಂದರು.

ಹೋದ ಕಾರ್ತಿಕದಲ್ಲಿ ಅಕ್ಕೋರು ತೀರಿಕೊಂಡರು. ಕಡೆಯ ವಾರ ಆಸ್ಪತ್ರೆಯಲ್ಲಿ ನರ್ಸಮ್ಮನ ಸೂಜಿಯನ್ನು ಕೂಡ ಬೆಳಕಿಗೆ ಹಿಡಿದು ನೋಡುತ್ತಿದ್ದರು. ನಾನು ಹೋದಾಗ ಕಣ್ಣು ತೆರೆದು, ಕೈ ತೋರಸು ಎಂದರು. ತೋರಿಸಿದೆ. ಅಂಗೈಯನ್ನು ಬಹಳ ಹೊತ್ತು ಹಿಡಿದುಕೊಂಡೇ ಇದ್ದರು. ನಾನು ಅತ್ತೆ, ಅವರು ನೋಡಲಿಲ್ಲ, ಅಥವಾ ನೋಡಿಯೂ ನಂಬಲಿಲ್ಲ.

ಮನೆ ಖಾಲಿ ಮಾಡುವ ದಿನ ಖಾಲಾ ಆ ರೌಟರನ್ನು ನನಗೆ ತಂದು ಕೊಟ್ಟರು. ಕೊಂಬು ಸಡಿಲಾಗಿದೆ, ಅರಗು ಕಪ್ಪಾಗಿದೆ, ಸಹಿಗಳು ಮಾಸಿವೆ. ಒಮ್ಮೆ ವಿದ್ಯುತ್ತು ಕೊಟ್ಟು ನೋಡಿದೆ. ನನ್ನ ಫೋನಿನ ಪರದೆಯ ಮೇಲೆ ಕದ ಹಾಕೇತಿ ಎಂದು ಬಂತು. ಮುಟ್ಟಿದರೆ ಪಾಸ್‌ವರ್ಡ್ ಕೇಳಿತು. ಒಂದು ಪಿನ್ನಿನಿಂದ ಎಲ್ಲ ಅಳಿಸಿ ಹೊಸದು ಹಾಕುವುದು ನನಗೆ ದೊಡ್ಡ ಕೆಲಸವಲ್ಲ. ಅರಗು ಒಡೆಯಲು ಮನಸ್ಸಾಗಲಿಲ್ಲ. ಇವತ್ತಿಗೂ ಯಾರಾದರೂ ಬಂದು ಕೇಳಿದರೆ, ಆ ಪಾಸ್‌ವರ್ಡ್ ನನಗೆ ಗೊತ್ತಿಲ್ಲ ಎಂದು ನಾನು ಎದೆ ಮುಟ್ಟಿ ಹೇಳಬಲ್ಲೆ. ಅಕ್ಕೋರು ನನಗಾಗಿ ಮಾಡಿಟ್ಟುಹೋದದ್ದು ಅದನ್ನೇ.